ದೂರದ ಐಸ್ ನುಣ್ಣಗೆ: ‘ಹೊಸಬರಿಗೆ ಸುಲಭ ಜಾಗ’ ಅಂತ ಬರೆದವನ ತಪ್ಪೊಪ್ಪಿಗೆ

ಕಳೆದ ವಾರ ರಾತ್ರಿ ಒಂಬತ್ತರ ಸುಮಾರಿಗೆ ಒಂದು ಫೋನ್ ಬಂತು. ಅವತ್ತು ಥಂಡಿ ಜೋರಿತ್ತು. ಚಿಕ್ಕಪಡಸಲಗಿಯಲ್ಲಿ ಹೊಳೆ ಕಡೆಯಿಂದ ಬೀಸುವ ಗಾಳಿಗೆ ಕಬ್ಬು ಕಡಿಯುವ ಗ್ಯಾಂಗಿನವರು ರವದಿಗೆ ಬೆಂಕಿ ಹಚ್ಚಿಕೊಂಡು ಸುತ್ತ ಕುಳಿತಿದ್ದರು. ನಾನು ಕಂಬಳಿ ಹೊದ್ದುಕೊಂಡು ಪೇಪರಿಗೆ ಚಳಿಯ ಸುದ್ದಿಯನ್ನೇ ಟೈಪ್ ಮಾಡುತ್ತಿದ್ದೆ.

ಫೋನ್ ಮಾಡಿದವನು ಪಕ್ಕದ ಊರಿನ ಹುಡುಗ. ಡಿಪ್ಲೊಮಾ ಮುಗಿಸಿದ್ದಾನೆ, ಸದ್ಯಕ್ಕೆ ಅಪ್ಪನ ಜೊತೆ ಹೊಲ ನೋಡುತ್ತಾನೆ.

“ಅಣ್ಣಾರ, ಐಸ್ ಹತ್ತೂದರ ಬಗ್ಗೆ ನೀವು ಬರದದ್ದು ಓದೀನ್ರಿ. ನಾವು ನಾಕ ಮಂದಿ ಹೊಂಟೀವ್ರಿ. ಏಜೆಂಟಗ ಅಡ್ವಾನ್ಸೂ ಕೊಟ್ಟೀವಿ. ನೀವು ಬರದ ಐದ ಜಾಗದಾಗ ಹೊಸಬರಿಗೆ ಭಾಳ ಸರಳ ಯಾವದ್ರಿ?”

ನಾನು ಏನು ಬರೆದಿದ್ದೆ ಎಂಬುದೇ ಮೊದಲು ನೆನಪಾಗಲಿಲ್ಲ. ಆಮೇಲೆ ನೆನಪಾಯಿತು. ಎರಡು ಚಳಿಗಾಲದ ಹಿಂದೆ ಒಂದು ವೆಬ್‌ಸೈಟಿಗೆ ಬರೆದಿದ್ದೆ: ಚಳಿ ಬಂತು, ಹೊಸಬರು ಐಸ್ ಕ್ಲೈಂಬಿಂಗ್ ಮಾಡಲು ಐದು ಸುಲಭ ಜಾಗ. ಜಮಖಂಡಿ ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತ, ಮೊಬೈಲಿನಲ್ಲಿ ಮೂರು ಇಂಗ್ಲಿಷ್ ಪುಟ ನೋಡಿಕೊಂಡು ಮುಕ್ಕಾಲು ಗಂಟೆಯಲ್ಲಿ ಮುಗಿಸಿದ್ದೆ. ಸಿಕ್ಕಿದ್ದು ಇನ್ನೂರು ರೂಪಾಯಿ. ನಾನು ಕಣ್ಣಾರೆ ನೋಡಿದ ಅತಿ ದೊಡ್ಡ ಐಸ್ ಎಂದರೆ ಕಬ್ಬಿನ ಹಾಲಿನ ಅಂಗಡಿ ಮುಂದೆ ಗೋಣಿ ಚೀಲದಲ್ಲಿ ಸುತ್ತಿಟ್ಟ ಗಡ್ಡೆ.

ಇದನ್ನೇ ಅವನಿಗೆ ಹೇಳಿದೆ. ನಾ ಅಲ್ಲಿಗೆ ಹೋಗಿಲ್ಲಪ್ಪಾ, ನೋಡೇ ಇಲ್ಲ, ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವನು ಸಿಟ್ಟಿಲ್ಲದೆ, ಗೌರವದಿಂದಲೇ ಕೇಳಿದ:

“ಹಂಗಾರ ಯಾಕ ಬರದ್ರಿ?”

ಈ ಲೇಖನ ಆ ಪ್ರಶ್ನೆಗೆ ಉತ್ತರ. ನನ್ನಂತೆ ಬರೆಯುವವರ ಮೇಲೆ, ಅದನ್ನು ರೀಲ್ಸ್ ಮಾಡಿ ಮಾರುವವರ ಮೇಲೆ ಜಗಳವೂ ಹೌದು. ನನ್ನ ವಾದ ಒಂದೇ. ಹೊಸಬರಿಗೆ ಸುಲಭವಾದ ಐಸಿನ ಜಾಗ ಹುಡುಕಿದರೆ ಸಿಗುವಂಥದ್ದಲ್ಲ. ಯಾರೋ ಕಟ್ಟಿರಬೇಕು, ಯಾರೋ ಕಾಯುತ್ತಿರಬೇಕು, ಯಾರೋ ಕಲಿಸುತ್ತಿರಬೇಕು. ಅದಿಲ್ಲದೆ ನಕಾಶೆಯಲ್ಲಿ ಐದು ಊರಿನ ಹೆಸರು ಕೊಟ್ಟರೆ ಅದು ಸುದ್ದಿಯಲ್ಲ, ಮೋಸ.

ಥಂಡಿ ಬಿದ್ದ ಮರುದಿನ ಐಸ್ ಗಟ್ಟಿಯಾಗುವುದಿಲ್ಲ

ಆ ಫೋನ್ ಬಂದ ಮೇಲೆ ಮೂರು ದಿನ ಕುಳಿತು ಓದಿದೆ, ಹಿಮಾಲಯದಲ್ಲಿ ಕೆಲಸ ಮಾಡಿ ಬಂದ ಇಬ್ಬರು ನಿವೃತ್ತ ಜವಾನರನ್ನು ಕೇಳಿದೆ. ಬರೆಯುವ ಮೊದಲೇ ಮಾಡಬೇಕಿದ್ದ ಕೆಲಸ ಇದು.

ಬಂಡೆ ಇವತ್ತು ಹೇಗಿದೆಯೋ ಹೆಚ್ಚು ಕಡಿಮೆ ನಾಳೆಯೂ ಹಾಗೇ ಇರುತ್ತದೆ. ಐಸ್ ಬೆಳಿಗ್ಗೆ ಇದ್ದಂತೆ ಮಧ್ಯಾಹ್ನ ಇರುವುದಿಲ್ಲ. ಅಲ್ಲಿ ಜನ ಹತ್ತುವುದು ಹೆಪ್ಪುಗಟ್ಟಿದ ಜಲಪಾತಗಳನ್ನು, ತೊರೆಗಳನ್ನು. ನೀರು ಪದರ ಪದರವಾಗಿ ಗಟ್ಟಿಯಾಗಬೇಕೆಂದರೆ ಶೂನ್ಯಕ್ಕಿಂತ ಕೆಳಗಿನ ಚಳಿ ಒಂದೇ ಸಮನೆ ಹಲವು ದಿನ ಇರಬೇಕು. ಚಳಿಯ ಅಲೆ ಬಂದ ಎರಡನೇ ದಿನ ಕಾಣುವುದು ಕಾಯಿಸಿದ ಹಾಲಿನ ಮೇಲಿನ ಕೆನೆಯಂಥ ಪದರ. ಒಳಗೆ ನೀರು ಹರಿಯುತ್ತಲೇ ಇರುತ್ತದೆ.

ಚಳಿ ಒಮ್ಮೆಲೇ ವಿಪರೀತ ಬಿದ್ದರೂ ತೊಂದರೆ. ಐಸ್ ಪೆಡಸಾಗುತ್ತದೆ. ಕೊಡಲಿಯ ಮೊನೆ ತಾಕಿದಲ್ಲಿ ಊಟದ ತಟ್ಟೆಯಷ್ಟು ಅಗಲದ ಚಕ್ಕೆ ಎದ್ದು ಮುಖದ ಮೇಲೆ ಬೀಳುತ್ತದೆ. ಬಿಸಿಲು ಹತ್ತಿದರೆ ಬಂಡೆಯ ಹಿಡಿತ ಬಿಟ್ಟು ಇಡೀ ಕಂಬವೇ ಕುಸಿಯಬಹುದು. ಅಂದರೆ, “ಥಂಡಿ ಜೋರೈತಿ, ಈಗಲೇ ಹೋಗೂಣು” ಎಂದು ನಮ್ಮ ಹುಡುಗರು ಅಂದುಕೊಳ್ಳುವ ಹೊತ್ತೇ ಐಸನ್ನು ನಂಬಬಾರದ ಹೊತ್ತೂ ಆಗಿರಬಹುದು.

ಐಸಿನ ಗೋಡೆಗಳಿಗೆ 1ರಿಂದ 7ರವರೆಗೆ ದರ್ಜೆ ಕೊಡುವ ಪದ್ಧತಿ ಇದೆ. 2 ಅಂದರೆ ಇಳಿಜಾರು, 4 ಬಂತೆಂದರೆ ಅಲ್ಲಲ್ಲಿ ನೆಟ್ಟಗೆ ಗೋಡೆ. ನನ್ನ ಆ ಬರಹದಲ್ಲಿ ‘ದರ್ಜೆ 2, ಹೊಸಬರಿಗೆ ಸೂಕ್ತ’ ಎಂದು ಬರೆದಿದ್ದೆ. ಇಳಿಜಾರು ಎಷ್ಟು ಎಂಬುದನ್ನು ಆ ಅಂಕಿ ಹೇಳುತ್ತದೆ. ಅವತ್ತು ಆ ಐಸ್ ನಿಮ್ಮ ಭಾರ ತಡೆಯುತ್ತದೋ ಇಲ್ಲವೋ ಎಂಬುದನ್ನು ಹೇಳುವುದಿಲ್ಲ. ಅದನ್ನು ಹೇಳಬಲ್ಲವನು ಆ ಕಣಿವೆಯನ್ನು ದಿನಾ ನೋಡುವ ಮನುಷ್ಯ ಮಾತ್ರ. ನೀಲಿ ಐಸ್ ಸಾಮಾನ್ಯವಾಗಿ ಗಟ್ಟಿ, ಬಿಳಿಯದರಲ್ಲಿ ಗಾಳಿ ಜಾಸ್ತಿ. ಹೊಡೆದಾಗ ಬರುವ ಸದ್ದು ಪೊಳ್ಳೋ ಗಟ್ಟಿಯೋ ಎಂದು ಕಿವಿ ಗುರುತಿಸಬೇಕು. ಕಲ್ಲಂಗಡಿ ತಟ್ಟಿ ನೋಡಿ ಹಣ್ಣಾಗಿದೆಯೋ ಇಲ್ಲವೋ ಹೇಳುವುದನ್ನು ಯಾರೂ ಲೇಖನ ಓದಿ ಕಲಿಯುವುದಿಲ್ಲ. ಇದೂ ಹಾಗೇ.

ಇನ್ನು ಸಾಮಾನು. ಎರಡು ಕೈಗೆ ಎರಡು ಮೊನೆಗೊಡಲಿ, ಬೂಟಿನ ಕೆಳಗೆ ಕಟ್ಟುವ ಕಬ್ಬಿಣದ ಮುಳ್ಳು, ಹೆಲ್ಮೆಟ್, ಹಗ್ಗ, ಐಸಿನೊಳಗೆ ತಿರುಗಿಸಿ ಕೂರಿಸುವ ಟೊಳ್ಳು ಸ್ಕ್ರೂ. ಹೊಸಬರಿಗೆ ಹಗ್ಗ ಯಾವಾಗಲೂ ಮೇಲಿನಿಂದ ಬರಬೇಕು, ಕೆಳಗೆ ಒಬ್ಬ ಅದನ್ನು ಹಿಡಿದಿರಬೇಕು. ಸಣ್ಣಗೆ ಜಾರಿದರೂ ಕಾಲಿನ ಮುಳ್ಳು ಐಸಿಗೆ ಸಿಕ್ಕಿಕೊಂಡು ಪಾದದ ಕೀಲು ಮುರಿಯಬಹುದು. ಹಗ್ಗ ಹಿಡಿದವನು ಹತ್ತುವವನ ನೇರ ಕೆಳಗೆ ನಿಂತರೆ ಬೀಳುವ ಗಡ್ಡೆ ಅವನ ತಲೆಗೇ. ರೀಲ್ಸಿನಲ್ಲಿ ಇದಾವುದೂ ಕಾಣುವುದಿಲ್ಲ. ಹಿನ್ನೆಲೆಯಲ್ಲಿ ಹಾಡು, ಮುಂದೆ ಕೆಂಪು ಜಾಕೀಟು, ಮೂವತ್ತು ಸೆಕೆಂಡಿನಲ್ಲಿ ಗೋಡೆ ಮುಗಿದಿರುತ್ತದೆ.

ಎತ್ತರದ ಮಾತು ಬೇರೆ. ನಮ್ಮ ಹೊಳೆ ದಂಡೆ ಸಮುದ್ರಮಟ್ಟದಿಂದ 600 ಮೀಟರ್ ಕೂಡ ಇಲ್ಲ. ಲೇಹ್ ಇರುವುದು 3,500 ಮೀಟರಿನಲ್ಲಿ, ಸ್ಪಿತಿಯ ಕಾಜಾ ಅದಕ್ಕಿಂತ ಮೇಲೆ. ಅಲ್ಲಿಗೆ ಹೋದ ಮೊದಲ ದಿನಗಳಲ್ಲಿ ನಮ್ಮವರಿಗೆ ಮೆಟ್ಟಿಲು ಹತ್ತಿದರೇ ಏದುಸಿರು, ತಲೆಶೂಲೆ. ಎರಡು ಮೂರು ದಿನ ಸುಮ್ಮನೆ ಇದ್ದು ದೇಹ ಒಗ್ಗಿಸಿಕೊಳ್ಳದೆ ಕೊಡಲಿ ಹಿಡಿಸುವ ಪ್ಯಾಕೇಜು ಮಾರುವವನಿಗೆ ನಿಮ್ಮ ಜೀವದ ಲೆಕ್ಕ ಇಲ್ಲ.

ಹಿಮ ಏನು ಮಾಡುತ್ತದೆ ಎಂದು ನಮ್ಮ ಸೀಮೆಗೆ ಗೊತ್ತಿದೆ

ಹಿಮ ನಮ್ಮಿಂದ ದೂರದ್ದು ಎಂದುಕೊಳ್ಳಬೇಡಿ. ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನಮ್ಮ ಭಾಗದಲ್ಲಿ ಯಾರು ಮರೆತಿದ್ದಾರೆ? 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದಲ್ಲಿ ಹಿಮಕುಸಿತಕ್ಕೆ ಹತ್ತು ಯೋಧರು ಸಿಕ್ಕರು. ಆರು ದಿನ ಹಿಮದಡಿ ಹೂತುಹೋಗಿದ್ದ ಹನುಮಂತಪ್ಪ ಜೀವಂತ ಸಿಕ್ಕಾಗ ಹಳ್ಳಿ ಹಳ್ಳಿಯ ಗುಡಿಗಳಲ್ಲಿ ದೀಪ ಹಚ್ಚಿದ್ದೆವು. ಫೆಬ್ರುವರಿ 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ಸೇನೆ ಸಿಯಾಚಿನ್‌ಗೆ ಕಳಿಸುವ ಜವಾನನನ್ನು ಸೀದಾ ಮೇಲೆ ಹತ್ತಿಸುವುದಿಲ್ಲ. ಮೊದಲು ಎತ್ತರಕ್ಕೆ ಒಗ್ಗಿಸುತ್ತದೆ, ಐಸ್ ಗೋಡೆ ಹತ್ತುವುದು, ಬಿರುಕು ದಾಟುವುದು, ಹೂತವರನ್ನು ತೆಗೆಯುವುದು ಎಲ್ಲವನ್ನೂ ಕಲಿಸುತ್ತದೆ. ನಾನು ಮಾತಾಡಿಸಿದ ಜವಾನರೊಬ್ಬರು ಹೇಳಿದ್ದು: “ಐಸ್ ಮುಟ್ಟೂದಕ್ಕಿಂತ ಮೊದಲ ವಾರಗಟ್ಟಲೆ ನಡಸ್ಯಾರ. ಹಗ್ಗದ ಗಂಟ ಕಣ್ಣ ಮುಚ್ಚಿ ಹಾಕಬೇಕು, ಇಲ್ಲಂದ್ರ ಊಟ ಇಲ್ಲ.” ಅಷ್ಟು ಕಲಿತವರನ್ನೂ ಹಿಮ ಬಿಡಲಿಲ್ಲ.

2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಾಂಡಾ ಶಿಖರದಲ್ಲಿ ಹಿಮಕುಸಿತ ಆದಾಗ ಸಿಕ್ಕಿದ್ದು ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡ. 2024ರ ಜೂನ್‌ನಲ್ಲಿ, ಬೇಸಿಗೆಯಲ್ಲೇ, ಸಹಸ್ರ ತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋಗಿದ್ದ ತಂಡ ಹಿಮಗಾಳಿಗೆ ಸಿಕ್ಕು 9 ಮಂದಿ ಸತ್ತರು. ಅವರು ಐಸ್ ಹತ್ತುತ್ತಿರಲಿಲ್ಲ, ನಡೆಯುತ್ತಿದ್ದರು. ಆಗ ನಾವು ಪತ್ರಕರ್ತರು ಏನು ಮಾಡಿದೆವು? ಎರಡು ದಿನ ಫೋಟೊ ಹಾಕಿ ಅತ್ತೆವು. ಮುಂದಿನ ಡಿಸೆಂಬರಿನಲ್ಲಿ ಮತ್ತೆ ‘ಚಳಿಗೆ ಸಾಹಸ: ಐದು ಜಾಗ’.

ತರಬೇತಿ ಇದ್ದರೆ ಅಪಾಯವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ತರಬೇತಿ ಇದ್ದೂ ಇಷ್ಟು ಅಪಾಯ ಇರುವಲ್ಲಿ, ಅದಿಲ್ಲದ ಹುಡುಗರಿಗೆ ‘ಸುಲಭ’ ಎಂಬ ಪದವನ್ನು ಇನ್ನೂರು ರೂಪಾಯಿಗೆ ಮಾರಿದೆನಲ್ಲ, ಅದನ್ನು ಹೇಳುತ್ತಿದ್ದೇನೆ.

ಸುಲಭ ಜಾಗವನ್ನು ಕಟ್ಟಿಕೊಂಡವರು

ಹಾಗಾದರೆ ಜಗತ್ತಿನಲ್ಲಿ ಹೊಸಬರು ಐಸ್ ಹತ್ತುವುದೇ ಇಲ್ಲವೇ? ಹತ್ತುತ್ತಾರೆ. ಹೇಗೆ ಎಂಬುದಕ್ಕೆ ಒಂದು ಊರಿನ ಕಥೆ ಕೇಳಿ.

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಯೂರೇ ಎಂಬ ಹಳೆಯ ಗಣಿ ಊರಿದೆ. ಜನ ಸಾವಿರವೂ ಇಲ್ಲ, ನಮ್ಮ ಸಣ್ಣ ಹಳ್ಳಿಯಷ್ಟೇ. ಊರಿಗೆ ಹತ್ತಿದ ಕಣಿವೆಯಲ್ಲಿ ವಿದ್ಯುತ್ ಘಟಕಕ್ಕೆ ನೀರು ಒಯ್ಯುವ ಪೈಪ್ ಸೋರುತ್ತಿತ್ತು. ಸೋರಿದ ನೀರು ಚಳಿಗಾಲದಲ್ಲಿ ಐಸ್ ಆಗಿ ಕಣಿವೆಯ ಗೋಡೆಗೆ ಅಂಟುತ್ತಿತ್ತು. 1990ರ ದಶಕದಲ್ಲಿ ಅಲ್ಲಿನವರು ಅದನ್ನು ನೋಡಿ, ಕಣಿವೆಯ ಅಂಚಿನುದ್ದಕ್ಕೂ ಬೇಕೆಂದೇ ಪೈಪ್ ಎಳೆದರು. ರಾತ್ರಿ ನೀರು ಸಿಂಪಡಿಸಿ ಐಸ್ ಬೆಳೆಸಿದರು. ಮೇಲೆ ಹಗ್ಗ ಕಟ್ಟಲು ಭದ್ರ ಕೊಕ್ಕೆ ಇಟ್ಟರು. ನೀರು ಬಿಡುವ ಕೆಲಸದವರನ್ನು ಅಲ್ಲಿ ‘ಐಸ್ ರೈತರು’ ಎಂದೇ ಕರೆಯುತ್ತಾರೆ. ಇವತ್ತು ಜಗತ್ತಿನ ಕಲಿಯುವವರು ಅಲ್ಲಿಗೆ ಹೋಗುತ್ತಾರೆ. ಅದನ್ನು ಯಾರೂ ನಕಾಶೆಯಲ್ಲಿ ಹುಡುಕಿ ತೆಗೆಯಲಿಲ್ಲ, ಊರವರು ಬೆಳೆದರು.

ನಮ್ಮ ದೇಶದಲ್ಲೂ ಐಸ್ ಬೆಳೆದವರಿದ್ದಾರೆ, ಬೇರೆ ಕಾರಣಕ್ಕೆ. 2013-14ರ ಚಳಿಗಾಲದಲ್ಲಿ ಲಡಾಖಿನಲ್ಲಿ ಸೋನಂ ವಾಂಗ್ಚುಕ್ ಮತ್ತು ಅವರ ಸಂಗಡಿಗರು ಮೇಲಿನ ತೊರೆಯ ನೀರನ್ನು ಪೈಪಿನಲ್ಲಿ ಕೆಳಗೆ ತಂದು, ಮೋಟಾರಿಲ್ಲದೆ ಅದರದೇ ರಭಸಕ್ಕೆ ಕಾರಂಜಿಯಂತೆ ಚಿಮ್ಮಿಸಿ ಐಸಿನ ಗೋಪುರ ಕಟ್ಟಿದರು. ಬಿತ್ತನೆ ಹೊತ್ತಿನಲ್ಲಿ ಅದು ಕರಗಿ ಹೊಲಕ್ಕೆ ನೀರಾಗುತ್ತದೆ.

ಚಿಕ್ಕಪಡಸಲಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಬೇಸಿಗೆಗೆ ಕೃಷ್ಣೆ ಬತ್ತುತ್ತಿದ್ದಳು. ಸರ್ಕಾರ ಮಾಡುತ್ತದೆ ಎಂದು ಕಾದು ಸಾಕಾಗಿ, ಕೃಷ್ಣಾ ತೀರ ರೈತ ಸಂಘದವರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಸ್ವಂತ ದುಡ್ಡು, ಸ್ವಂತ ಬೆವರು ಹಾಕಿ 1989ರಲ್ಲಿ ಬ್ಯಾರೇಜ್ ಕಟ್ಟಿದರು. ಅದಕ್ಕೇ ಅದರ ಹೆಸರು ಶ್ರಮಬಿಂದು ಸಾಗರ. ‘ಬೇಸಿಗೆಯಲ್ಲಿ ನೀರು ಸಿಗುವ ಐದು ಜಾಗ’ ಎಂಬ ಪಟ್ಟಿ ಓದಿಕೊಂಡು ಅವರು ಬಿಂದಿಗೆ ಹಿಡಿದು ಹೋಗಲಿಲ್ಲ. ಆ ಊರಿನ ಮಣ್ಣಲ್ಲಿ ನಿಂತು ನಾನು ‘ಸುಲಭ ಜಾಗ’ದ ಪಟ್ಟಿ ಬರೆದೆ. ನಾಚಿಕೆ ಆಗುವುದು ಇದಕ್ಕೆ.

ನಮ್ಮ ಥಂಡಿ ಬಾದಾಮಿಯ ಹಂಗಾಮು

ನಮ್ಮ ಜಿಲ್ಲೆಯಲ್ಲಿ ಐಸ್ ಇಲ್ಲ, ಇರುವುದೂ ಇಲ್ಲ. ಥಂಡಿ ಎಷ್ಟು ಕೊರೆದರೂ ಹತ್ತು ಡಿಗ್ರಿಯ ಆಸುಪಾಸು. ಆದರೆ ಇದೇ ಥಂಡಿಯನ್ನು ಕಾದು ಯೂರೋಪಿನಿಂದ ವಿಮಾನ ಹತ್ತಿ ಬರುವವರು ಇದ್ದಾರೆ. ಅವರು ಬರುವುದು ನಮ್ಮ ಬಾಗಲಕೋಟೆ ಜಿಲ್ಲೆಯ ಬಾದಾಮಿಗೆ.

ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆ ಹತ್ತಲು ಡಿಸೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಬಿಸಿಲಲ್ಲಿ ಬೆರಳು ಬೆವರುತ್ತದೆ, ಬೆವರಿದರೆ ಜಾರುತ್ತದೆ. ತಂಪಾದ ಒಣ ಹವೆಯಲ್ಲಿ ಅದೇ ಕಲ್ಲು ಬೆರಳನ್ನು ಹಿಡಿದುಕೊಳ್ಳುತ್ತದೆ. ಅಲ್ಲಿ ಬಂಡೆಗೆ ಬೋಲ್ಟ್ ಕೂರಿಸಿದ ದಾರಿಗಳಿವೆ. ಮಕ್ಕಳು ಹತ್ತಬಹುದಾದವು ಇವೆ, ಪಳಗಿದವರ ಬೆವರಿಳಿಸುವವೂ ಇವೆ. ಬೆಂಗಳೂರಿನ ಹುಡುಗರು ವರ್ಷ ವರ್ಷ ಬರುತ್ತಾರೆ. ಜಮಖಂಡಿಯಿಂದ ಮುಧೋಳ, ಲೋಕಾಪುರದ ಮೇಲೆ ಹೋದರೆ ಬೆಳಗಿನ ಚಹಾ ಇಲ್ಲಿ, ಮಧ್ಯಾಹ್ನದ ರೊಟ್ಟಿ ಅಲ್ಲಿ. ನಮ್ಮ ತಾಲೂಕಿನಿಂದ ಎಷ್ಟು ಮಂದಿ ಹೋಗಿ ಹಗ್ಗ ಕಟ್ಟಿಕೊಂಡಿದ್ದೀರಿ? ನಾವು ಹೋಗುವುದು ಶಾಲಾ ಟ್ರಿಪ್ಪಿಗೆ, ಬನಶಂಕರಿ ಜಾತ್ರೆಗೆ. ಗುಹೆ ಮುಂದೆ ಸೆಲ್ಫಿ, ಮಂಗಗಳಿಗೆ ಶೇಂಗಾ, ವಾಪಸ್.

ಐಸ್ ಹತ್ತುವ ಆಸೆ ಇದ್ದವನಿಗೂ ಮೊದಲ ಪಾಠ ಇಲ್ಲೇ. ಹಗ್ಗದ ಗಂಟು, ಸೊಂಟಪಟ್ಟಿ, ಇನ್ನೊಬ್ಬನ ಜೀವ ತನ್ನ ಕೈಯ ಹಗ್ಗದಲ್ಲಿದೆ ಎಂಬ ಎಚ್ಚರ, ಹೆದರಿಕೆಯಲ್ಲಿ ಉಸಿರಾಡುವುದು, ಸಾಕಾದಾಗ ಇಳಿಯುವುದು. ಇವೆಲ್ಲ ಬಂಡೆಗೂ ಒಂದೇ, ಐಸಿಗೂ ಒಂದೇ. ಹಿಮಾಲಯದ ಸಂಸ್ಥೆಗಳ ಮೂಲ ಕೋರ್ಸಿನಲ್ಲೂ ಬಂಡೆ ಪಾಠ ಬಂದ ಮೇಲೇ ಹಿಮ, ಐಸಿನ ಪಾಠ.

ಬಾದಾಮಿಯೂ ಆಟದ ಮೈದಾನ ಅಲ್ಲ ಎಂಬುದನ್ನು ಸೇರಿಸಿಯೇ ಹೇಳುತ್ತೇನೆ, ಹಳೆಯ ತಪ್ಪು ಮತ್ತೆ ಬೇಡ. ಸ್ಮಾರಕಗಳ ಗೋಡೆ, ಕೋಟೆ, ಗುಡಿ ಹತ್ತುವ ಜಾಗಗಳಲ್ಲ. ಮರಳುಗಲ್ಲು ಮಳೆಯಲ್ಲಿ ನೆನೆದಾಗ ಮೆತ್ತಗಾಗುತ್ತದೆ, ಆಗ ಹತ್ತಬಾರದು. ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಹಳೆಯ ಬೋಲ್ಟನ್ನು ಗೊತ್ತಿದ್ದವರು ನೋಡಿ ಹೇಳದೆ ನಂಬಬಾರದು. ಚಿತ್ರದುರ್ಗದ ಜ್ಯೋತಿರಾಜ್ ಬರಿಗೈಯಲ್ಲಿ ಕೋಟೆ ಹತ್ತುವ ವಿಡಿಯೊ ನೋಡಿ ನಮ್ಮ ಹುಡುಗರು ಊರ ಗುಡ್ಡಕ್ಕೆ ಓಡುತ್ತಾರೆ. ಅವರ ಧೈರ್ಯಕ್ಕೆ ನಾನೂ ಚಪ್ಪಾಳೆ ಹೊಡೆದವನೇ. ಆದರೆ ಹಗ್ಗವಿಲ್ಲದೆ ಹತ್ತುವುದು ಹೊಸಬರ ಪಾಠವಲ್ಲ.

“ಬಡವರ ಮಕ್ಕಳು ಆಸೆ ಪಡಬಾರದೇನು?”

ಇದನ್ನು ಓದಿ ಕೆಲವರು ಬೈಯುತ್ತೀರಿ, ಗೊತ್ತು. ಹಳ್ಳಿ ಹುಡುಗ ಒಮ್ಮೆ ಹಿಮಾಲಯ ನೋಡಲು ಹೊರಟರೆ ಇವನು ಅಂಜಿಸಿ ಮನೆಯಲ್ಲಿ ಕೂರಿಸುತ್ತಾನೆ, ಸಾಹಸ ಏನಿದ್ದರೂ ಪೇಟೆಯವರ ಸೊತ್ತೇ, ಎಂದು.

ನಾನು ಹೇಳುವುದು ಅದರ ಉಲ್ಟಾ. ಹೋಗಿ. ಆದರೆ ಏಜೆಂಟನ ನಾಲ್ಕು ದಿನದ ಪ್ಯಾಕೇಜಿನಲ್ಲಿ ಅಲ್ಲ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ, ಡಾರ್ಜಿಲಿಂಗಿನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ, ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಸಂಸ್ಥೆ, ಇವು ಸರ್ಕಾರಿ ಸಂಸ್ಥೆಗಳು. ಸುಮಾರು ನಾಲ್ಕು ವಾರದ ಮೂಲ ಕೋರ್ಸಿನಲ್ಲಿ ಬಂಡೆ, ಹಿಮ, ಐಸ್ ಮೂರನ್ನೂ ಕಲಿಸುತ್ತಾರೆ. ಸಾಮಾನು ಅವರದೇ. ಸೀಟು ಬೇಗ ತುಂಬುತ್ತವೆ, ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಬೇಕು. ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆ ಬಚೇಂದ್ರಿ ಪಾಲ್ ಉತ್ತರಕಾಶಿ ಕಡೆಯ ಹಳ್ಳಿ ಹುಡುಗಿ. ಅವರು ಕಲಿತದ್ದು ನೆಹರೂ ಸಂಸ್ಥೆಯಲ್ಲೇ, ಶಿಖರ ಏರಿದ್ದು 1984ರಲ್ಲಿ. ನಮ್ಮ ರಾಜ್ಯದಲ್ಲೂ ಕೊಡಗಿನ ಜನರಲ್ ತಿಮ್ಮಯ್ಯ ಅವರ ಹೆಸರಿನ ಸರ್ಕಾರಿ ಸಾಹಸ ಅಕಾಡೆಮಿ ಬಂಡೆ ಹತ್ತುವ ತರಬೇತಿ ಕೊಡುತ್ತದೆ. ಈ ಸುದ್ದಿ ನಮ್ಮ ಹಳ್ಳಿಗಳಿಗೆ ಮುಟ್ಟಿಲ್ಲ, ಏಕೆಂದರೆ ಮುಟ್ಟಿಸಬೇಕಾದ ನಾವು ‘ಐದು ಜಾಗ’ ಬರೆಯುತ್ತಿದ್ದೆವು.

ಪೇಟೆ ಹುಡುಗನಿಗೆ ಕ್ಲಬ್ ಇದೆ, ಕೋಣೆಯೊಳಗಿನ ಗೋಡೆ ಇದೆ, ಅನುಭವಿ ಗೆಳೆಯರಿದ್ದಾರೆ. ಕೆಟ್ಟ ಲೇಖನ ಓದಿದರೂ ತಡೆಯಲು ನಾಲ್ಕು ಮಂದಿ ಸಿಗುತ್ತಾರೆ. ನಮ್ಮ ಹುಡುಗನಿಗೆ ಇರುವುದು ಮೊಬೈಲ್ ಒಂದೇ. ಅದರಲ್ಲಿ ಬರೆದದ್ದನ್ನು ನಿಜ ಅಂದುಕೊಳ್ಳುತ್ತಾನೆ. ಆದ್ದರಿಂದ ಹಳ್ಳಿಗೆ ಬರೆಯುವವನ ಹೊಣೆ ದೊಡ್ಡದು.

ದುಡ್ಡು ಕೊಡುವ ಮೊದಲು ಕೇಳಿ

ಯಾರಾದರೂ ಐಸ್ ಹತ್ತಿಸುತ್ತೇನೆ ಎಂದರೆ ಇಷ್ಟು ಕೇಳಿ. ಉತ್ತರ ತಡವರಿಸಿದರೆ ದುಡ್ಡು ಕೊಡಬೇಡಿ.

1. ಕಲಿಸುವವರು ಯಾವ ಸಂಸ್ಥೆಯಲ್ಲಿ ಕಲಿತಿದ್ದಾರೆ, ಒಬ್ಬರ ಪಾಲಿಗೆ ಎಷ್ಟು ಹೊಸಬರು?
2. ಎತ್ತರಕ್ಕೆ ಒಗ್ಗಲು ಎಷ್ಟು ದಿನ ಬಿಟ್ಟಿದ್ದೀರಿ?
3. ಹಗ್ಗ ಮೇಲಿನಿಂದ ಕಟ್ಟುತ್ತೀರಾ? ಬೂಟು, ಮುಳ್ಳು, ಹೆಲ್ಮೆಟ್ ನನ್ನ ಅಳತೆಗೆ ಸಿಗುತ್ತವೆಯೇ?
4. ಅವತ್ತು ಐಸ್ ಸರಿಯಿಲ್ಲದಿದ್ದರೆ ಹತ್ತಿಸದೆ ವಾಪಸ್ ಕರೆತರುತ್ತೀರಾ? ಆಗ ದುಡ್ಡಿನ ಕಥೆ ಏನು?
5. ಯಾರಿಗಾದರೂ ಪೆಟ್ಟಾದರೆ ಹತ್ತಿರದ ಆಸ್ಪತ್ರೆ ಎಷ್ಟು ಗಂಟೆ ದಾರಿ, ಯಾವ ಗಾಡಿಯಲ್ಲಿ?

ನಾಲ್ಕನೆಯದು ಮುಖ್ಯ. ವಾಪಸ್ ಕರೆತರುವ ಧೈರ್ಯ ಇದ್ದವನೇ ನಿಜವಾದ ಗುರು.

ನಮ್ಮ ಜನಪ್ರತಿನಿಧಿಗಳಿಗೆ, ಕ್ರೀಡಾ ಇಲಾಖೆಗೆ ಕೇಳುವುದು ಇಷ್ಟೇ. ಗೋಡೆ ಹತ್ತುವ ಆಟ ಟೋಕಿಯೊದಿಂದ ಒಲಿಂಪಿಕ್ಸಿನಲ್ಲಿದೆ. ಜಗತ್ತು ಕಲಿಯಲು ಬರುವ ಬಂಡೆ ನಮ್ಮ ಜಿಲ್ಲೆಯಲ್ಲೇ ಇದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕ್ರೀಡಾಂಗಣಗಳಲ್ಲಿ ಒಂದೊಂದು ಗೋಡೆ, ತಾಲೂಕಿಗೆ ಇಬ್ಬರು ದೈಹಿಕ ಶಿಕ್ಷಕರಿಗೆ ತರಬೇತಿ, ವರ್ಷಕ್ಕೊಮ್ಮೆ ಹಾಸ್ಟೆಲ್ ಹುಡುಗ ಹುಡುಗಿಯರನ್ನು ಬಾದಾಮಿಗೆ ಒಯ್ಯುವ ಬಸ್ಸು. ಇದು ಹೆಚ್ಚಾಯಿತೇ? ಕೊಡದಿದ್ದರೆ ಕಟ್ಟಿಕೊಳ್ಳುವುದು ಹೇಗೆ ಎಂದು ಈ ಹೊಳೆ ದಂಡೆಯವರಿಗೆ ಗೊತ್ತಿದೆ.

ಆ ನಾಲ್ಕು ಹುಡುಗರು ಸದ್ಯಕ್ಕೆ ನಿಂತಿದ್ದಾರೆ. ಅಡ್ವಾನ್ಸ್ ವಾಪಸ್ ಬಂದಿಲ್ಲ, ಏಜೆಂಟ್ ಫೋನ್ ಎತ್ತುತ್ತಿಲ್ಲ. ಅದರಲ್ಲಿ ನನ್ನ ಪಾಲೂ ಇದೆ ಅಂದುಕೊಂಡು ಅವತ್ತಿನ ಇನ್ನೂರು ರೂಪಾಯಿ ಕೊಡಲು ಹೋದೆ. ಹುಡುಗ ತೆಗೆದುಕೊಳ್ಳಲಿಲ್ಲ. “ಅದ ರೊಕ್ಕಕ್ಕ ಬಾದಾಮಿಗೆ ಬಸ್ ಚಾರ್ಜ್ ಆಗತೈತ್ರಿ, ನೀವೂ ಬರ್ರಿ” ಅಂದ.

ಹಳೆಯ ಬರಹ ತೆಗೆದುಹಾಕಿ ಎಂದು ಆ ವೆಬ್‌ಸೈಟಿನವರಿಗೆ ಬರೆದಿದ್ದೇನೆ. ಇನ್ನೂ ತೆಗೆದಿಲ್ಲ. ಅಲ್ಲಿಯವರೆಗೆ, ನಿಮ್ಮ ಮೊಬೈಲಿಗೆ ಅದು ಬಂದರೆ ಜೊತೆಗೆ ಇದನ್ನೂ ಕಳಿಸಿ. ಭಾನುವಾರ ನಾವು ಐದು ಮಂದಿ ಬಾದಾಮಿಗೆ ಹೊರಟಿದ್ದೇವೆ. ಕಲಿಸುವವರೊಬ್ಬರನ್ನು ಮೊದಲೇ ಗೊತ್ತು ಮಾಡಿಕೊಂಡು, ಮೇಲಿನ ಐದೂ ಪ್ರಶ್ನೆ ಅವರಿಗೆ ಕೇಳಿಯೇ ಹೊರಟಿದ್ದೇವೆ.